ಬೀಟಲ್ಸ್‌ಗೆ ನಾನೂರು ವರ್ಷ ಮುಂಚೆ, ತುಂಗಭದ್ರೆಯ ದಂಡೆಯಲ್ಲಿ

ಒಂದು ಚೀಟಿ ತೆಗೆದುಕೊಂಡು ಈ ನಾಲ್ಕು ಇಸವಿ ಬರೆದುಕೊಳ್ಳಿ: 1550, 1554, 1564, 1565.

ಮೊದಲನೆಯದು, ವಿಜಯನಗರದ ರಾಮಾಮಾತ್ಯ ‘ಸ್ವರಮೇಳಕಲಾನಿಧಿ’ ಎಂಬ ಸಂಗೀತಶಾಸ್ತ್ರ ಗ್ರಂಥ ಬರೆದ ವರ್ಷ. ಎರಡನೆಯದು, ಹಂಪಿಯ ವಿಜಯವಿಠ್ಠಲ ಗುಡಿಯಲ್ಲಿ ಉಯ್ಯಾಲೆ ಮಂಟಪ ಎದ್ದಿತೆಂದು ಶಾಸನ ಹೇಳುವ ವರ್ಷ. ಬಡಿದರೆ ಉಲಿಯುವ ಕಂಬಗಳ ಮಹಾಮಂಟಪವನ್ನೇ ಆ ಶಾಸನ ಹೇಳುತ್ತಿದೆ ಎಂಬುದು ವಿದ್ವಾಂಸರ ಅಭಿಪ್ರಾಯ. ಮೂರನೆಯದು, ಪುರಂದರದಾಸರು ಕಣ್ಮುಚ್ಚಿದರೆಂದು ಪರಂಪರೆ ನಂಬಿಕೊಂಡು ಬಂದಿರುವ ವರ್ಷ. ನಾಲ್ಕನೆಯದನ್ನು ಹೇಳಬೇಕಿಲ್ಲ, ವಿಜಯನಗರ ಸೋತ ರಕ್ಕಸತಂಗಡಿ ಯುದ್ಧ. ಎಲ್ಲ ಸೇರಿ ಬರೀ 15 ವರ್ಷ! ಹೊಸಪೇಟೆಯಿಂದ 13 ಕಿ.ಮೀ. ದೂರದಲ್ಲಿ, ಒಂದೇ ನದಿಯ ಒಂದೇ ದಂಡೆಯ ಮೇಲೆ, ಹಾಡು ಕಟ್ಟುವ ಬಗೆ, ವಾದ್ಯಕ್ಕೆ ಶ್ರುತಿ ಕೂಡಿಸುವ ಬಗೆ, ಕಲ್ಲಿನಿಂದ ನಾದ ತೆಗೆಯುವ ಬಗೆ ಮೂರೂ ಒಂದೇ ತಲೆಮಾರಿನ ಕಣ್ಣೆದುರು ಹೊಸದಾಗುತ್ತಿದ್ದವು. ನಾವೋ, ಹಂಪಿಗೆ ಹೋಗುತ್ತೇವೆ, ಕಲ್ಲಿನ ರಥದ ಪಕ್ಕ ಐವತ್ತು ರೂಪಾಯಿ ನೋಟು ಹಿಡಿದು ಒಂದು ಫೋಟೊ ತೆಗೆಸಿಕೊಳ್ಳುತ್ತೇವೆ, ಮಿರ್ಚಿ ಮಂಡಕ್ಕಿ ತಿಂದು ವಾಪಸು ಬರುತ್ತೇವೆ.

ಹಂಪಿಯ ಸಂಗೀತದ ಈ ಹುಚ್ಚು ನನಗೆ ಹತ್ತಿದ್ದು ಬೀಟಲ್ಸ್ ಕಡೆಯಿಂದ. ಲಿವರ್‌ಪೂಲ್‌ನ ಆ ನಾಲ್ವರು 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಟಿಕೆಟ್ ಇಟ್ಟು ನಡೆಸಿದ ಕೊನೆಯ ಸಂಗೀತ ಕಛೇರಿ ಮುಗಿಸಿದರು. ಊರೂರು ತಿರುಗಿ ಹಾಡಿದ್ದು ಸಾಕು ಎಂದು ಲಂಡನ್ನಿನ ಅಬಿ ರೋಡ್ ಸ್ಟುಡಿಯೊದೊಳಗೆ ಹೊಕ್ಕರು. ಜಾರ್ಜ್ ಮಾರ್ಟಿನ್ ಎಂಬ ನಿರ್ಮಾಪಕನನ್ನು ಪಕ್ಕಕ್ಕೆ ಕೂರಿಸಿಕೊಂಡು ಟೇಪನ್ನು ಹಿಂದುಮುಂದಾಗಿ ಓಡಿಸಿದರು. ಶ್ರುತಿಯೂ ಬೇರೆ, ವೇಗವೂ ಬೇರೆ ಇದ್ದ ಎರಡು ಟೇಕ್‌ಗಳನ್ನು ಕತ್ತರಿಸಿ ಅಂಟಿಸಿ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಮಾಡಿದರು. ನಾಲ್ಕೇ ಟ್ರ್ಯಾಕಿನ ಯಂತ್ರದಲ್ಲಿ ಪದರದ ಮೇಲೆ ಪದರ ಹಾಕಿ 1967ರಲ್ಲಿ ‘ಸಾರ್ಜೆಂಟ್ ಪೆಪ್ಪರ್ಸ್’ ಹೊರತಂದರು. ಹಾಡೆಂದರೆ ಬಾಯಿಗೆ ಬಂದದ್ದನ್ನು ಹಾಡಿಬಿಡುವುದಲ್ಲ, ಕೂತು ಕಟ್ಟುವ ಕೆಲಸ ಎಂದು ಲೋಕಕ್ಕೆ ಅವರಿಂದ ಮನದಟ್ಟಾಯಿತು ಎನ್ನುತ್ತಾರೆ. ಒಪ್ಪೋಣ. ಈಗ ಅವರ ತಲೆ ಕೊರೆದ ಪ್ರಶ್ನೆಗಳನ್ನೇ ಹಿಡಿದುಕೊಂಡು ಹಂಪಿಗೆ ಬನ್ನಿ. ಒಂದು ಹಾಡಿನೊಳಗೆ ಎಷ್ಟು ಹಾಡು ಇರಬಹುದು? ತಾಳವನ್ನು ನಡುವೆ ಮುರಿಯಬಹುದೇ? ಬೀದಿಯ ಸದ್ದು ಹಾಡಿನೊಳಗೆ ಬರಬಹುದೇ? ಒಂದೇ ವಾದ್ಯದ ಮೇಲೆ ಎಲ್ಲ ರಾಗ ನುಡಿಸಲಾದೀತೇ? ಅಬ್ಬಾ, ಒಂದೊಂದಕ್ಕೂ ಇಲ್ಲಿ ಉತ್ತರ ಮೊದಲೇ ಸಿದ್ಧವಾಗಿ ಕೂತಿದೆ!

ಬ್ಯಾಂಡಿನ ಹೆಸರು ದಾಸಕೂಟ. ಹಿಂದೆ ನಿಂತವರು ವ್ಯಾಸರಾಯರು, 1460ರಿಂದ 1539ರವರೆಗೆ ಬಾಳಿದ ಯತಿಗಳು, ವಿಜಯನಗರದ ಅರಸರಿಗೆ ಪೂಜ್ಯರು, ತರ್ಕದಲ್ಲಿ ಎದುರಾಳಿಯಿಲ್ಲದ ಸಂಸ್ಕೃತ ಪಂಡಿತರು. ಅಂಥವರು ಕೂತು ಕನ್ನಡದಲ್ಲಿ ಪದ ಕಟ್ಟಿದರು. ಮುಂದೆ ಹಾಡಿದವರಲ್ಲಿ ಪುರಂದರದಾಸರಿದ್ದರು, ಬಾಡದಿಂದ ಬಂದ ಕನಕದಾಸರಿದ್ದರು. ಸೋದೆಯ ವಾದಿರಾಜರೂ ಅದೇ ಕಾಲದವರು. ಒಬ್ಬೊಬ್ಬರದೂ ಒಂದೊಂದು ಅಂಕಿತ. ವ್ಯಾಸರಾಯರದು ಸಿರಿಕೃಷ್ಣ, ಪುರಂದರರದು ಪುರಂದರವಿಠಲ, ಕನಕರದು ಕಾಗಿನೆಲೆಯಾದಿಕೇಶವ, ವಾದಿರಾಜರದು ಹಯವದನ. ಈ ಅಂಕಿತ ಎಂಥ ಉಪಾಯ ನೋಡಿ! ಪುಸ್ತಕಕ್ಕಾದರೆ ರಕ್ಷಾಪುಟ ಉಂಟು, ರೆಕಾರ್ಡಿಗೆ ಲೇಬಲ್ ಉಂಟು. ಬಾಯಿಂದ ಬಾಯಿಗೆ ಹೋಗುವ ಹಾಡಿಗೆ ಏನಿದೆ? ಯಾರು ಬರೆದರೆಂಬುದನ್ನು ಹಾಡಿನ ಕೊನೆಯ ಚರಣದೊಳಕ್ಕೇ ಹೊಲಿದುಬಿಟ್ಟರು. ಹಾಡುವವರು ಬೇಕಾದರೂ ಬೇಡವಾದರೂ ಕರ್ತೃವಿನ ಗುರುತು ಹೇಳದೆ ಹಾಡು ಮುಗಿಯುವಂತಿಲ್ಲ. ಲೆನನ್–ಮೆಕಾರ್ಟ್ನಿ ಎಂಬ ಜೋಡಿ ಹೆಸರು ರೆಕಾರ್ಡಿನ ಚಕ್ರದ ಮೇಲೆ ಸಣ್ಣಕ್ಷರದಲ್ಲಿ ಅಚ್ಚಾಗುತ್ತಿತ್ತು. ಎಷ್ಟು ಜನ ಓದಿದರೋ. ಪುರಂದರವಿಠಲ ಎನ್ನದೆ ಪುರಂದರರ ಹಾಡನ್ನು ಪೂರ್ತಿ ಹಾಡಿದವರು ಒಬ್ಬರೂ ಇಲ್ಲ.

ಈಗ ಸುಳಾದಿಗೆ ಬರೋಣ. ನನ್ನ ಉಸಿರು ಹಿಡಿದದ್ದೇ ಇಲ್ಲಿ.

ಸುಳಾದಿ ಎಂದರೆ ಒಂದೇ ರಚನೆ, ಒಂದೇ ವಿಷಯ, ಆದರೆ ಖಂಡಖಂಡಕ್ಕೂ ತಾಳ ಬೇರೆ. ಇಂದು ಸಂಗೀತ ಕಲಿಯುವ ಮಕ್ಕಳು ಸುಳಾದಿ ಸಪ್ತತಾಳ ಎಂದು ಬಾಯಿಪಾಠ ಮಾಡುವ ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಇವೇ ಆ ತಾಳಗಳು. ತೊಡೆಯ ಮೇಲೆ ಕೈಯಿಟ್ಟು ನೀವೇ ಹಾಕಿ ನೋಡಿ. ಧ್ರುವ: ಒಂದು ಪೆಟ್ಟು ಹಾಕಿ ಮೂರು ಬೆರಳು ಎಣಿಸಿ, ಆಮೇಲೆ ಒಂದು ಪೆಟ್ಟು ಒಂದು ಹುಸಿ, ಮತ್ತೆ ಎರಡು ಸಲ ಪೆಟ್ಟು ಮತ್ತು ಬೆರಳು, 4, 2, 4, 4, ಒಟ್ಟು 14 ಅಕ್ಷರ. ಇದರ ನಡಿಗೆ ಮೈಗೆ ಹತ್ತುವಷ್ಟರಲ್ಲಿ ಖಂಡ ಮುಗಿದು ಮಠ್ಯ ಬರುತ್ತದೆ: 4, 2, 4, ಅಂದರೆ 10. ಅಲ್ಲಿಂದ ರೂಪಕದ 6ಕ್ಕೆ ಇಳಿಯಬೇಕು. ಝಂಪೆಯಲ್ಲಿ ಮತ್ತೆ 10, ಆದರೆ ಈ ಹತ್ತು ಆ ಹತ್ತಲ್ಲ. ಏಳರ ಒಂದು ಉದ್ದ ಹೆಜ್ಜೆ, ಒಂದರ ಒಂದು ತೊಡರು, ಎರಡರ ಒಂದು ನಿಲುಗಡೆ. ತ್ರಿಪುಟ 3, 2, 2, ಒಟ್ಟು 7. ಅಟ್ಟ 5, 5, 2, 2, ಒಟ್ಟು 14, ಎಲ್ಲಿಂದ ಹೊರಟಿದ್ದೆವೋ ಅಷ್ಟೇ ಅಕ್ಷರ, ಒಳಗಿನ ಹಂಚಿಕೆ ಮಾತ್ರ ಪೂರ್ತಿ ಬೇರೆ. ಕೊನೆಗೆ ಏಕದ 4. ಅದರ ಮೇಲೆ ‘ಜತೆ’ ಎಂಬ ಎರಡು ಸಾಲಿನ ಮುಕ್ತಾಯ. ಇದು ಇಂದಿನ ಚಾಲ್ತಿಯ ಲೆಕ್ಕ. ಎಲ್ಲ ಸುಳಾದಿಯಲ್ಲೂ ಏಳೂ ತಾಳ ಇರಲೇಬೇಕೆಂದಿಲ್ಲ, ಐದಿದ್ದರೂ ಸುಳಾದಿಯೇ.

1969ರ ‘ಅಬಿ ರೋಡ್’ ಆಲ್ಬಮ್ಮಿನ ಎರಡನೇ ಮಗ್ಗುಲಲ್ಲಿ ಬೀಟಲ್ಸ್ ಎಂಟು ತುಣುಕು ಹಾಡುಗಳನ್ನು ಪೋಣಿಸಿ, ಸುಮಾರು 16 ನಿಮಿಷ ಎಡೆಬಿಡದೆ ಓಡಿಸಿದರು. ನಡುನಡುವೆ ಗತಿ ಬದಲು, ಶ್ರುತಿ ಬದಲು. ರಾಕ್ ಸಂಗೀತದ ಚರಿತ್ರೆ ಬರೆಯುವವರು ಇಂದಿಗೂ ಅದರ ಮುಂದೆ ಟೋಪಿ ತೆಗೆಯುತ್ತಾರೆ. ಆ ಜಾಣ್ಮೆಗೆ ನನ್ನದೂ ನಮಸ್ಕಾರ. ಆದರೆ ಅವು ಅರ್ಧಕ್ಕೆ ನಿಂತಿದ್ದ ಹಾಡುಗಳು, ಟೇಪಿನ ಬಲದಿಂದ ಒಂದಾದವು. ಸುಳಾದಿಯಲ್ಲಿ ಖಂಡಗಳು ಹುಟ್ಟುವಾಗಲೇ ಒಂದಕ್ಕೊಂದು ಹೆಗಲು ಕೊಟ್ಟಿರುತ್ತವೆ. ತಾಳ ತಿರುಗಿದಾಗ ಮಾತಿನ ಭಾವವೂ ತಿರುಗುತ್ತದೆ. ಇದನ್ನು ಅಂಟಿಸಿಕೊಡಲು ಯಂತ್ರವೂ ಇರಲಿಲ್ಲ, ತಪ್ಪಿದರೆ ಇನ್ನೊಂದು ಟೇಕ್ ಎನ್ನುವ ಸೌಕರ್ಯವೂ ಇರಲಿಲ್ಲ. ಕಾಲಿಗೆ ಗೆಜ್ಜೆ, ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಚಿಟಿಕೆ, ಅಷ್ಟೇ ಸಲಕರಣೆ!

ಇದರ ಎದುರು ತುದಿಯಲ್ಲಿ ಉಗಾಭೋಗ. ತಾಳವೇ ಇಲ್ಲ. ಪಲ್ಲವಿ, ಚರಣಗಳ ಕಟ್ಟೂ ಇಲ್ಲ. ನಾಲ್ಕಾರು ಸಾಲು, ರಾಗದಲ್ಲಿ ಬಿಡಿಬಿಡಿಯಾಗಿ ಹೇಳಿ ಸುಮ್ಮನಾಗುವುದು. ಅತಿ ಬಿಗಿ ರೂಪವನ್ನೂ ಅತಿ ಸಡಿಲ ರೂಪವನ್ನೂ ಅದೇ ಜನ ಏಕಕಾಲಕ್ಕೆ ಪಳಗಿಸಿಕೊಂಡರು ಎಂಬುದೇ ಬೆರಗು. ಕನಕದಾಸರು ಇನ್ನೊಂದು ದಾರಿ ತೆಗೆದರು, ಮುಂಡಿಗೆ. ಕೇಳಿದರೆ ಹಾಡು, ಬಿಡಿಸಲು ಕೂತರೆ ಒಗಟು. ಪಂಡಿತರ ಸಭೆಗೆ ಹಾಕಿದ ಸವಾಲೇ ಅದು ಎಂಬ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ಬೀದಿಯ ಸದ್ದಿನ ವಿಷಯ ಹೇಳಿದೆನಲ್ಲ. ‘ಸಾರ್ಜೆಂಟ್ ಪೆಪ್ಪರ್ಸ್’ನ ಒಂದು ಹಾಡಿಗೆ ಜಾತ್ರೆಯ ವಾತಾವರಣ ಬೇಕಾಗಿ, ಹಬೆ ಆರ್ಗನ್‌ಗಳ ಹಳೆಯ ಟೇಪುಗಳನ್ನು ತುಂಡುತುಂಡು ಮಾಡಿ, ಗಾಳಿಗೆ ತೂರಿ, ಸಿಕ್ಕಿದ ಹಾಗೆ ಜೋಡಿಸಿದರಂತೆ. ಪುರಂದರದಾಸರಿಗೆ ಜಾತ್ರೆ ಮನೆಬಾಗಿಲಲ್ಲೇ ಇತ್ತು. ವಿಠ್ಠಲ ಗುಡಿಯ ಮುಂದಿನ ತೇರುಬೀದಿಯನ್ನು ಇಂದು ನೋಡಿ, ಎರಡೂ ಕಡೆ ಕಲ್ಲುಕಂಬದ ಅಂಗಡಿ ಸಾಲು ಕಣ್ಣು ಹಾಯುವವರೆಗೂ ನಿಂತಿದೆ. ಆ ಗದ್ದಲದಲ್ಲಿ ಸಕ್ಕರೆ ಮಾರುವವನ ಕೂಗೇ ‘ಕಲ್ಲುಸಕ್ಕರೆ ಕೊಳ್ಳಿರೋ’ ಆಯಿತು. ಭಿಕ್ಷೆಗೆ ಬಂದವನ ಕೂಗು, ತಾಯಿಗೆ ದೂರು ಹೇಳುವ ನೆರೆಯವಳ ಸಿಡುಕು, ಲೇವಾದೇವಿಯವನ ಲೆಕ್ಕ ಎಲ್ಲವೂ ಪಲ್ಲವಿಯಾಗಿವೆ. ಪುರಂದರರು ಸ್ವತಃ ವ್ಯಾಪಾರಿಯಾಗಿದ್ದವರೆಂದು ಪರಂಪರೆ ಹೇಳುತ್ತದೆ. ಪೇಟೆಯ ಭಾಷೆ ಅವರಿಗೆ ಪುಸ್ತಕದಿಂದ ಬಂದದ್ದಲ್ಲ.

ಇಷ್ಟೇ ಆಗಿದ್ದರೆ ದೊಡ್ಡ ಕವಿ ಎಂದು ಕೈಮುಗಿದು ಸುಮ್ಮನಾಗಬಹುದಿತ್ತು. ಆದರೆ ಅವರು ಮುಂದಿನ ಹಾಡುಗಾರರನ್ನು ತಯಾರಿಸುವ ವಿಧಾನವನ್ನೂ ಬಿಟ್ಟುಹೋದರು. ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಪಿಳ್ಳಾರಿ ಗೀತೆ: ಬೆಂಗಳೂರಿನ ಮಲ್ಲೇಶ್ವರದಲ್ಲಾಗಲಿ, ಚೆನ್ನೈನ ಮೈಲಾಪುರದಲ್ಲಾಗಲಿ, ಕ್ಯಾಲಿಫೋರ್ನಿಯದ ಮನೆಯ ಬೇಸ್‌ಮೆಂಟಿನಲ್ಲಾಗಲಿ, ಕರ್ನಾಟಕ ಸಂಗೀತ ಕಲಿಯಲು ಕೂತ ಮಗು ಮೊದಲ ದಿನ ಹಾಡುವುದು ಪುರಂದರರ ಹೆಸರಿನ ಈ ಪಾಠವನ್ನೇ. ಅದೂ ಯಾವ ರಾಗ? ಮಾಯಾಮಾಳವಗೌಳ. ಆಗಿನ ಹೆಸರು ಬರೀ ಮಾಳವಗೌಳ. 72 ಮೇಳಕರ್ತದಲ್ಲಿ 15ನೆಯದೆಂಬ ಗುರುತಿಗಾಗಿ ‘ಮಾಯಾ’ ಆಮೇಲೆ ಸೇರಿಕೊಂಡಿತು. ಈ ರಾಗವೇ ಯಾಕೆ ಎಂದು ಒಂದು ಹಾರ್ಮೋನಿಯಂ ಮುಂದೆ ಕೂತು ಎಣಿಸಿ. ಷಡ್ಜದಿಂದ ರಿಷಭಕ್ಕೆ ಒಂದು ಮನೆ. ರಿಷಭದಿಂದ ಗಾಂಧಾರಕ್ಕೆ ಮೂರು ಮನೆ. ಗಾಂಧಾರದಿಂದ ಮಧ್ಯಮಕ್ಕೆ ಒಂದು. ಈಗ ಪಂಚಮಕ್ಕೆ ಹೋಗಿ ಅಲ್ಲಿಂದ ಮೇಲೆ ಹತ್ತಿ: ಒಂದು, ಮೂರು, ಒಂದು! ಕೆಳಗಿನ ಅರ್ಧ ಹೇಗೋ ಮೇಲಿನ ಅರ್ಧವೂ ಹಾಗೆಯೇ. ಮಗುವಿನ ಗಂಟಲು ಕಲಿಯಬೇಕಾದದ್ದು ಅರ್ಧವೇ. ಉಳಿದರ್ಧ ತಾನಾಗಿ ಬರುತ್ತದೆ. ಪಕ್ಕಪಕ್ಕದ ಸಣ್ಣ ಅಂತರವೂ ಅದರಲ್ಲೇ ಇದೆ, ಹಾರಬೇಕಾದ ದೊಡ್ಡ ಅಂತರವೂ ಅದರಲ್ಲೇ ಇದೆ. ಆಮೇಲೆ ಅದೇ ಪಾಠ ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ. ಆಮೇಲೆ ಅಲಂಕಾರ, ಏಳೂ ಸುಳಾದಿ ತಾಳಗಳಲ್ಲಿ! ಸುಳಾದಿಯ ಹೆಸರೇ ಕೇಳಿರದ ಏಳು ವರ್ಷದ ಹುಡುಗಿ ಸುಳಾದಿಯ ಅಸ್ಥಿಪಂಜರವನ್ನು ಬೆರಳಲ್ಲಿ ಎಣಿಸುತ್ತ ಬೆಳೆಯುತ್ತಾಳೆ. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ 1966ರ ಸೆಪ್ಟೆಂಬರಿನಲ್ಲಿ ರವಿಶಂಕರರ ಹತ್ತಿರ ಸಿತಾರ್ ಕಲಿಯಲು ಭಾರತಕ್ಕೆ ಬಂದಾಗ, ಲೋಕವನ್ನೇ ಗೆದ್ದ ಆ ಮನುಷ್ಯನೂ ಕೆಳಗೆ ಕೂತು ಸರಿಗಮದಿಂದಲೇ ಶುರು ಮಾಡಬೇಕಾಯಿತು.

ಹಾಡಿನ ಕಥೆ ಹೀಗಾಯಿತು. ವಾದ್ಯದ ಕಥೆ ಇದಕ್ಕಿಂತ ರೋಚಕ. ಆದರೆ ಇದನ್ನು ಹಂಪಿಯ ಗೈಡುಗಳು ಹೇಳಿದ್ದು ನಾನಂತೂ ಕೇಳಿಲ್ಲ.

ವಿಜಯನಗರದಲ್ಲಿ ಸಂಗೀತಶಾಸ್ತ್ರ ಒಂದು ಮನೆತನದ ಸೊತ್ತಿನಂತೆ ಇಳಿದುಬಂದಿತ್ತು. ಶಾರ್ಙ್ಗದೇವನ ‘ಸಂಗೀತರತ್ನಾಕರ’ಕ್ಕೆ 15ನೇ ಶತಮಾನದಲ್ಲಿ ವ್ಯಾಖ್ಯಾನ ಬರೆದ ಕಲ್ಲಿನಾಥ ಇದೇ ರಾಜಧಾನಿಯವನು. ಅವನ ಮೊಮ್ಮಗನೇ ನಮ್ಮ ರಾಮಾಮಾತ್ಯ. ಅಳಿಯ ರಾಮರಾಯ ಸಿಂಹಾಸನದ ಹಿಂದೆ ನಿಂತು ರಾಜ್ಯವಾಳುತ್ತಿದ್ದ ಕಾಲ. ಸಂಗೀತದಲ್ಲಿ ವಿದ್ವಾಂಸರು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ, ಶಾಸ್ತ್ರಕ್ಕೂ ನಡೆಯುತ್ತಿರುವುದಕ್ಕೂ ತಾಳಮೇಳವಿಲ್ಲ, ಇದನ್ನು ಸರಿಪಡಿಸಬೇಕು ಎಂಬ ಮಾತನ್ನು ರಾಮರಾಯನ ತಮ್ಮ ವೆಂಕಟಾದ್ರಿ ಎತ್ತಿದ. ಕೆಲಸ ರಾಮಾಮಾತ್ಯನ ಹೆಗಲಿಗೆ ಬಿತ್ತು. ಅವನು ಐದು ಪ್ರಕರಣಗಳಲ್ಲಿ ಉತ್ತರ ಬರೆದ. ಹಳೆಯ ಗ್ರಂಥಕ್ಕೂ ಹಾಡುವವರ ರೂಢಿಗೂ ಜಗಳ ಬಂದರೆ ಅವನು ರೂಢಿಯ ಕಡೆಗೆ ವಾಲುತ್ತಾನೆ. ಆಸ್ಥಾನ ಪಂಡಿತನೊಬ್ಬ ಹಾಗೆ ನಿಲ್ಲಬೇಕಾದರೆ ಎದೆಗಾರಿಕೆ ಬೇಕು.

ಅವನ ನಿಜವಾದ ಪ್ರಯೋಗ ನಡೆದದ್ದು ವೀಣೆಯ ಮೇಲೆ. ಅವನು ಮೂರು ಬಗೆಯ ವೀಣೆ ವಿವರಿಸುತ್ತಾನೆ: ಶುದ್ಧಮೇಳ ವೀಣೆ, ಮಧ್ಯಮೇಳ ವೀಣೆ, ಅಚ್ಯುತರಾಜೇಂದ್ರಮೇಳ ವೀಣೆ. ಮೂರನೆಯದಕ್ಕೆ ಕೃಷ್ಣದೇವರಾಯನ ತಮ್ಮ ಅಚ್ಯುತರಾಯನ ಹೆಸರು. ವಾದ್ಯದ ಶ್ರುತಿಕ್ರಮಕ್ಕೆ ದೊರೆಯ ಹೆಸರಿಡುವ ಊರದು! ಒಂದೊಂದರಲ್ಲೂ ಎರಡು ಪ್ರಕಾರ. ಒಂದು ಏಕರಾಗ ಮೇಳ, ಒಂದು ರಾಗಕ್ಕೆ ಬೇಕಾದಷ್ಟೇ ಮೆಟ್ಟಿಲು, ಅಂದರೆ ತಂತಿಯಡಿಯ ಫ್ರೆಟ್ಟು. ರಾಗ ಬದಲಾದರೆ ಮೆಟ್ಟಿಲು ಸರಿಸಬೇಕು. ಇನ್ನೊಂದು ಸರ್ವರಾಗ ಮೇಳ, ಮೆಟ್ಟಿಲನ್ನು ಒಮ್ಮೆ ಕೂಡಿಸಿದರೆ ಮುಗಿಯಿತು, ಎಲ್ಲ ರಾಗವೂ ಅದರ ಮೇಲೇ.

ಇದು ಹೇಳಿದಷ್ಟು ಸುಲಭವಲ್ಲ. ವೀಣೆಯ ಮೇಲೆ ನಾಲ್ಕು ತಂತಿ, ನಾಲ್ಕಕ್ಕೂ ಬೇರೆ ಶ್ರುತಿ. ಅವುಗಳ ಕೆಳಗೆ ಅಡ್ಡಲಾಗಿ ಒಂದೇ ಮೆಟ್ಟಿಲು. ಷಡ್ಜದ ತಂತಿಯಡಿ ಅದು ಶುದ್ಧ ರಿಷಭ ಕೊಡುವ ಜಾಗದಲ್ಲೇ ಪಂಚಮದ ತಂತಿಯಡಿ ಶುದ್ಧ ಧೈವತ ಕೊಡಬೇಕು, ಮಧ್ಯಮದ ತಂತಿಯಡಿ ಪಂಚಮಕ್ಕೆ ಸ್ವಲ್ಪ ಕೆಳಗಿನ ಸ್ವರ ಕೊಡಬೇಕು. ಒಂದು ಕೂದಲೆಳೆ ಆಚೀಚೆಯಾದರೆ ಒಂದು ತಂತಿ ಸರಿ, ಇನ್ನೊಂದು ಅಪಸ್ವರ. ರಾಮಾಮಾತ್ಯ ಮೆಟ್ಟಿಲು ಮೆಟ್ಟಿಲಿಗೂ ಯಾವ ತಂತಿಯಲ್ಲಿ ಯಾವ ಸ್ವರ ಬರಬೇಕೆಂದು ತಾಳೆ ಹಾಕುತ್ತ ಹೋಗುತ್ತಾನೆ. ತಾನಾಗಿ ಹುಟ್ಟುವ ‘ಸ್ವಯಂಭೂ’ ಸ್ವರಗಳನ್ನು ಸಾಕ್ಷಿಗೆ ಕರೆಯುತ್ತಾನೆ. ಕಷ್ಟ ಬಂದದ್ದು ಲೆಕ್ಕದಲ್ಲಿ. ಅವನು ಒಪ್ಪಿದ ಸ್ವರಗಳು 14, ಏಳು ಶುದ್ಧ, ಏಳು ವಿಕೃತ. ಅವುಗಳಲ್ಲಿ ಎರಡು ಜೋಡಿ ಒಂದಕ್ಕೊಂದು ತೀರಾ ಹತ್ತಿರ. ಅಷ್ಟು ಹತ್ತಿರ ಎರಡೆರಡು ಮೆಟ್ಟಿಲು ಕೂಡಿಸಿದರೆ ಬೆರಳಿಡುವುದೆಲ್ಲಿ? ಅವನ ತೀರ್ಮಾನ ಕೇಳಿ: ಜೋಡಿಯಲ್ಲಿ ಒಂದು ಇನ್ನೊಂದರ ಪ್ರತಿನಿಧಿಯಾಗಿ ನಿಲ್ಲಲಿ! 14 ಸ್ವರ, ಸ್ಥಾಯಿಗೆ 12 ಮೆಟ್ಟಿಲು.

ಹನ್ನೆರಡು! ಗಿಟಾರ್ ಕೈಗೆತ್ತಿಕೊಂಡ ಯಾವ ಹುಡುಗನನ್ನಾದರೂ ಕೇಳಿ, ಹನ್ನೆರಡನೇ ಫ್ರೆಟ್ಟಿಗೆ ಬಂದರೆ ಅದೇ ಸ್ವರ ಒಂದು ಸ್ಥಾಯಿ ಮೇಲೆ ಕೇಳುತ್ತದೆ ಎನ್ನುತ್ತಾನೆ. ಯುರೋಪು ತನ್ನ ದಾರಿಯಲ್ಲಿ ಅಲ್ಲಿಗೆ ಬಂತು, ಹಂಪಿ ತನ್ನ ದಾರಿಯಲ್ಲಿ. ಯಾರಿಂದ ಯಾರು ಕಲಿತರೆಂಬ ಜಗಳಕ್ಕೆ ನಾನು ಬರುವುದಿಲ್ಲ. ಇಷ್ಟು ಮಾತ್ರ ಕಣ್ಣಿಗೆ ಕಾಣುವ ಸಂಗತಿ: ಇಂದಿನ ಸರಸ್ವತಿ ವೀಣೆಯಲ್ಲಿ ಮೇಣದ ಮೇಲೆ ಕೂಡಿಸಿರುವುದು 24 ಮೆಟ್ಟಿಲು, ಎರಡು ಸ್ಥಾಯಿಗೆ ಸರಿಯಾಗಿ ಹನ್ನೆರಡು ಹನ್ನೆರಡು. ವಿಜಯನಗರ ಬಿದ್ದ ಮೇಲೆ ಈ ವಿದ್ಯೆಗೆ ಆಸರೆಯಾದದ್ದು ತಂಜಾವೂರಿನ ನಾಯಕರ ಆಸ್ಥಾನ. 72 ಮೇಳದ ಯೋಜನೆ ಹಾಕಿದ ವೆಂಕಟಮಖಿ ಅಲ್ಲಿ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತರ ಮಗ. ರಾಮಾಮಾತ್ಯ ಲೆಕ್ಕ ಹಾಕಿದ್ದ ಮೇಳಗಳು 20. ಆ ಪಟ್ಟಿಯಲ್ಲಿ ಮುಖಾರಿ ಮೊದಲು. ಅದರ ಬೆನ್ನಿಗೇ ಯಾವುದು ಹೇಳಿ? ಮಾಳವಗೌಳ!

ಈಗ ಆ ಕಂಬಗಳು. ಮಹಾಮಂಟಪದಲ್ಲಿ 56 ಕಂಬ. ನಡುವೆ ದಪ್ಪ ಕಂಬ, ಅದರ ಸುತ್ತ ಅದೇ ಬಂಡೆಯಿಂದ ಬಿಡಿಸಿದ ತೆಳ್ಳನೆಯ ಕಿರುಗಂಬಗಳು. ಮೇಲೂ ಕೆಳಗೂ ಅಂಟಿಕೊಂಡಿವೆ, ನಡುವೆ ಬಿಡಿ. ಮುಟ್ಟಿ ಬಡಿದು ಸವೆಸಿದ್ದರಿಂದ ಈಗ ಬಡಿಯುವುದಕ್ಕೆ ನಿಷೇಧವಿದೆ, ಆಗಬೇಕಾದದ್ದೇ. ಒಳಗೆ ಪೊಳ್ಳಿದೆಯೇ ನೋಡೋಣವೆಂದು ಬ್ರಿಟಿಷರು ಎರಡು ಕಂಬ ಕತ್ತರಿಸಿದರೆಂಬ ಕಥೆಯನ್ನು ಪ್ರತಿ ಗೈಡೂ ಹೇಳುತ್ತಾನೆ. ಕತ್ತರಿಸದೆಯೇ ಒಳಗೆ ನೋಡಿದವರು ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು! ರಿಯಾಕ್ಟರಿನ ಲೋಹದಲ್ಲಿ ಬಿರುಕು ಹುಡುಕುವ ವಿದ್ಯೆಯವರು ಶ್ರವಣಾತೀತ ತರಂಗ ಹಾಯಿಸಿ, ಸದ್ದನ್ನು ವಿಶ್ಲೇಷಿಸಿ, 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಿರುಗಂಬಗಳು ಪೊಳ್ಳಲ್ಲ, ಗಟ್ಟಿ ಕಲ್ಲು. ಬಡಿದಾಗ ಅವು ಬಾಗಿ ಬಾಗಿ ಕಂಪಿಸುತ್ತವೆ, ನಾದ ಹುಟ್ಟುವುದು ಆ ಬಾಗುವಿಕೆಯಿಂದ.

ಬಾಗುವ ಕಲ್ಲಿನ ಗಣಿತ ಬಿಗಿದ ತಂತಿಯ ಗಣಿತಕ್ಕಿಂತ ಬೇರೆ. ತಂತಿಯ ಉದ್ದ ಅರ್ಧ ಮಾಡಿದರೆ ಸ್ವರ ಒಂದು ಸ್ಥಾಯಿ ಏರುತ್ತದೆ. ಕಿರುಗಂಬದ ಉದ್ದ ಅರ್ಧ ಮಾಡಿದರೆ ಕಂಪನ ನಾಲ್ಕು ಪಟ್ಟಾಗಿ ಎರಡು ಸ್ಥಾಯಿ ಏರುತ್ತದೆ. ದಪ್ಪ ಅರ್ಧ ಮಾಡಿದರೆ ಒಂದು ಸ್ಥಾಯಿ ಇಳಿಯುತ್ತದೆ. ಅಂದರೆ ಉಳಿಯ ಒಂದೊಂದು ಏಟಿಗೂ ಕಲ್ಲಿನ ಶ್ರುತಿ ಇಳಿಯುತ್ತಿರುತ್ತದೆ. ತಂತಿಯನ್ನು ಮತ್ತೆ ಬಿಗಿಯಬಹುದು, ಕೆತ್ತಿ ಉದುರಿಸಿದ ಕಲ್ಲನ್ನು ಮತ್ತೆ ಮೆತ್ತುವುದು ಹೇಗೆ? ಈ ಕಂಬ ಮೃದಂಗ, ಆ ಕಂಬ ಜಲತರಂಗ ಎಂಬ ಮಾತನ್ನೆಲ್ಲ ನಾನು ಪೂರ್ತಿ ನುಂಗುವವನಲ್ಲ. ಮದುರೆ, ಶುಚೀಂದ್ರಂ, ತಿರುನೆಲ್ವೇಲಿಗಳಲ್ಲೂ ಉಲಿಯುವ ಕಂಬಗಳಿವೆ. ಇದು ಆ ಕಾಲದ ಶಿಲ್ಪಿಗಳು ಕೈವಶ ಮಾಡಿಕೊಂಡಿದ್ದ ಕಸುಬು. ಇಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಇಸವಿಗಳು. 1550ರಲ್ಲಿ ಒಬ್ಬ ತಂತಿಯ ಕೆಳಗೆ ಸ್ವರದ ಜಾಗ ಗೊತ್ತು ಮಾಡುತ್ತಾನೆ, ನಾಲ್ಕೇ ವರ್ಷಕ್ಕೆ ಅದೇ ಊರಲ್ಲಿ ಉಯ್ಯಾಲೆ ಮಂಟಪದ ಶಾಸನ. ಗುಡಿಯಿಂದ ಹೊಳೆಗೆ ಇಳಿದರೆ ಪುರಂದರ ಮಂಟಪ, ನಡೆದು ಹೋಗುವಷ್ಟು ಹತ್ತಿರ.

ತಾಲೀಮಿನ ಜಾಗವೂ ಇತ್ತು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಯಸ್ ಅರಮನೆಯ ನಾಟ್ಯಶಾಲೆಯನ್ನು ನೋಡಿ ಬರೆದಿದ್ದಾನೆ. ಒಂದೊಂದು ನೃತ್ಯ ಕೊನೆಗೆ ಯಾವ ಭಂಗಿಯಲ್ಲಿ ನಿಲ್ಲಬೇಕೆಂದು ಗೋಡೆಯಲ್ಲಿ ಕೆತ್ತಿಟ್ಟಿದ್ದರಂತೆ. ಮರೆತ ಹುಡುಗಿ ತಲೆಯೆತ್ತಿ ಅದನ್ನು ನೋಡಿ ಸರಿಪಡಿಸಿಕೊಳ್ಳಬೇಕು. ಕುಣಿತದ ದಾಖಲೆ ಕಲ್ಲಿನಲ್ಲಿ!

ಹಾಡಿಗೆ ಮಾತ್ರ ಅಂಥ ಗೋಡೆ ಸಿಗಲಿಲ್ಲ. 1565ರ ಜನವರಿಯಲ್ಲಿ ಯುದ್ಧ ಸೋತು ರಾಜಧಾನಿ ಬರಿದಾಯಿತು. ಪುರಂದರರು ನಾಲ್ಕು ಲಕ್ಷ ಎಪ್ಪತ್ತೈದು ಸಾವಿರ ಪದ ಹಾಡಿದರೆಂದು ನಂಬಿಕೆ; ನಮ್ಮ ಕೈಗೆ ದಕ್ಕಿರುವುದು ಅದರ ಚೂರುಪಾರು. ಅದರಲ್ಲೂ ದಕ್ಕಿದ್ದು ಮಾತು. ಅವರ ಬಾಯಿಂದ ಬಂದ ಮಟ್ಟು ದಕ್ಕಲಿಲ್ಲ. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನು ನಾವು ಕೇಳುವ ಧಾಟಿ ಎಷ್ಟೋ ಕಾಲದ ಮೇಲೆ ಬೇರೆಯವರು ಕೂಡಿಸಿದ್ದು. ಓಲೆಗರಿಯಲ್ಲಿ ಪದ ಬರೆದಿಟ್ಟರು, ತಂಬೂರಿ ಹಿಡಿದು ಮನೆಮನೆಗೆ ಹೋದ ದಾಸರು ಬಾಯಲ್ಲಿ ಉಳಿಸಿದರು, 1850ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ಎಂಬ ಜರ್ಮನ್ ಪಾದ್ರಿ ದಾಸರ ಪದಗಳನ್ನು ಮೊದಲ ಬಾರಿಗೆ ಅಚ್ಚು ಹಾಕಿಸಿದ. ಪಾದ್ರಿಗೆ ವಿಠಲನ ಹಾಡು! ಲಿಂಗಸುಗೂರಿನ ಗೊರೆಬಾಳ ಹನುಮಂತರಾಯರಂಥವರು ಊರೂರು ಹುಡುಕಿ ಸಂಪುಟ ಮೇಲೆ ಸಂಪುಟ ತಂದರು. ಆಮೇಲೆ ಗ್ರಾಮಫೋನ್ ಬಂತು. ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ, ಅಷ್ಟರಲ್ಲೇ ಒಂದು ದೇವರನಾಮ ಮುಗಿಯಬೇಕು. ಗದಗಿನ ಭೀಮಸೇನ ಜೋಶಿಯವರ ದಾಸವಾಣಿ ಎಚ್‌ಎಂವಿ ತಟ್ಟೆಯ ಮೇಲೆ ಮನೆಮನೆಗೆ ಬಂದಾಗ, ಆ ಎಚ್‌ಎಂವಿಯ ಒಡೆತನ ಲಂಡನ್ನಿನ ಇಎಂಐದು. ಆಗ ಅಬಿ ರೋಡ್ ಸ್ಟುಡಿಯೊ ಯಾರದಾಗಿತ್ತು? ಅದೇ ಇಎಂಐದು! ಪುರಂದರದಾಸರೂ ಬೀಟಲ್ಸೂ ಕಡೆಗೆ ಒಂದೇ ಕಂಪನಿಯ ಕಲಾವಿದರಾದರು. ಇದನ್ನು ತಿಳಿದ ದಿನ ನಾನು ಒಬ್ಬನೇ ನಕ್ಕಿದ್ದುಂಟು.

ಈ ಸೀಮೆಯ ಎಲ್ಲ ಹಾಡಿಗೂ ಮಟ್ಟು ಕಳೆದುಕೊಳ್ಳುವ ದುರ್ಗತಿ ಬರಲಿಲ್ಲ ಎಂಬುದೇ ಸಮಾಧಾನ. ಸಂಡೂರು ತಾಲ್ಲೂಕಿನ ದರೋಜಿಯಲ್ಲಿ ಬುಡಗ ಜಂಗಮ ಸಮುದಾಯದ ಬುರ್ರಕಥಾ ಈರಮ್ಮ ಇದ್ದರು. ಅಕ್ಷರ ಕಲಿತವರಲ್ಲ. ತಂಗಿ ಮತ್ತು ನಾದಿನಿಯನ್ನು ಜೊತೆಗಿಟ್ಟುಕೊಂಡು ಮೂವರ ತಂಡ ಕಟ್ಟಿ, ಹನ್ನೆರಡು ಮಹಾಕಾವ್ಯಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು, ಎರಡು ಲಕ್ಷ ಶಬ್ದಗಳಷ್ಟು! ಅವುಗಳಲ್ಲಿ ಒಂದು ಕುಮಾರರಾಮನ ಕಥೆ. ಕಂಪ್ಲಿಯ ಕಂಪಿಲರಾಯನ ಮಗ, 1327ರಲ್ಲಿ ತುಘಲಕ್ ಸೈನ್ಯಕ್ಕೆ ಎದೆಗೊಟ್ಟ ರಾಜ್ಯದ ವೀರ. ಹಂಪಿಯ ಕನ್ನಡ ವಿಶ್ವವಿದ್ಯಾಲಯದವರು ಅವರ ಹಾಡು ದಾಖಲಿಸಿ ಪುಸ್ತಕ ಮಾಡಿದರು, ನಾಡೋಜ ಗೌರವವನ್ನೂ ಕೊಟ್ಟರು. ಅವರು ತೀರಿಕೊಂಡದ್ದು 2014ರ ಆಗಸ್ಟಿನಲ್ಲಿ. ನೂರಾರು ವರ್ಷದ ಹಳೆಯ ಕಥೆಯ ಹಾಡುಗಾರ್ತಿ ಮೈಕಿನ ಮುಂದೆ ಕೂತರು. ಪುರಂದರರಿಗೆ ಸಿಗದ ಭಾಗ್ಯ ಈರಮ್ಮನಿಗೆ ಸಿಕ್ಕಿತು.

ಈಗಲೂ ಪುಷ್ಯ ಅಮಾವಾಸ್ಯೆಗೆ ಪುರಂದರ ಮಂಟಪದಲ್ಲಿ ಆರಾಧನೆ ನಡೆಯುತ್ತದೆ. ಮಳೆಗಾಲದಲ್ಲಿ ಜಲಾಶಯದಿಂದ ಹೊಳೆಗೆ ನೀರು ಬಿಟ್ಟರು ಎಂದರೆ ಮರುದಿನ ಪತ್ರಿಕೆಯಲ್ಲಿ ಎರಡು ಸುದ್ದಿ ಖಾಯಂ: ಕಂಪ್ಲಿ–ಗಂಗಾವತಿ ಸೇತುವೆ ಮುಳುಗಿತು, ಪುರಂದರ ಮಂಟಪ ಮುಳುಗಿತು. ಹೊಳೆ ಇಳಿದ ಮೇಲೆ ಹೋಗಿ. ಮೊದಲು ವಿಠ್ಠಲ ಗುಡಿ, ಆಮೇಲೆ ತುಲಾಭಾರದ ಕಮಾನು, ಆಮೇಲೆ ಹೊಳೆಗಿಳಿಯುವ ದಾರಿ. ಅಲ್ಲಿ ಕಂಬಕ್ಕೊರಗಿ ಕೂತು ಧ್ರುವದಿಂದ ಏಕದವರೆಗೆ ಏಳೂ ತಾಳ ಒಮ್ಮೆ ಹಾಕಿ ನೋಡಿ, ತಪ್ಪಿದರೆ ಕೇಳುವವರು ಯಾರೂ ಇಲ್ಲ.

ಹಂಪಿ ಉತ್ಸವದ ಕಾರ್ಯಕ್ರಮ ಪಟ್ಟಿ ಮಾಡುವವರಲ್ಲಿ ನನ್ನದೊಂದು ಅರ್ಜಿ ಇದೆ. ಸಿನಿಮಾ ಗಾಯಕರನ್ನು ಕರೆಸಿ, ರಾಕ್ ಬ್ಯಾಂಡ್‌ಗಳನ್ನೂ ಕರೆಸಿ, ಜನ ಬರಬೇಕಲ್ಲ. ಆದರೆ ಒಂದು ಸಂಜೆ ಒಂದು ಪೂರ್ತಿ ಸುಳಾದಿ, ಜತೆಯವರೆಗೂ, ತಾಳ ಬದಲಾದಾಗಲೆಲ್ಲ ಸಭಿಕರಿಗೆ ಹೇಳಿ ಹಾಡಿಸಿ. ರಾಮಾಮಾತ್ಯನ ಲೆಕ್ಕಕ್ಕೆ ಮೆಟ್ಟಿಲು ಕೂಡಿಸಿದ ಒಂದು ಅಚ್ಯುತರಾಜೇಂದ್ರಮೇಳ ವೀಣೆ ಮಾಡಿಸಿ ಅದೇ ವೇದಿಕೆಯಲ್ಲಿ ನುಡಿಸಿ, ಉತ್ಸವ ಮುಗಿದ ಮೇಲೆ ಅದನ್ನು ಕಮಲಾಪುರದ ಮ್ಯೂಸಿಯಮ್ಮಿನಲ್ಲಿಡಿ. ಗಾಜಿನೊಳಗೆ ಬೇಡ, ಶಾಲೆಯ ಮಕ್ಕಳು ಮೀಟುವ ಹಾಗೆ.